ಡಬ್ಬಿ ಇರ್ಲಿ, ಅಣ್ಣಾವ್ರ!

ತಗಡಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಮನುಷ್ಯ ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ನಂಬಿ ಸುಮ್ಮನಿರಲಿಲ್ಲ, ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಲೂ ಇದ್ದೆ. ನಾನು ಸಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಯಲ್ಲಿ. ಮಾಸ್ತರರು ಕೈಗೆ ಪಾಟಿ ಕೊಟ್ಟರು, ಅಪ್ಪ ಸುತ್ತಿಗೆ ಕೊಟ್ಟ. ಸುತ್ತಿಗೆ ನನ್ನ ಮಾತು ಕೇಳಿತು. ಅಂದಿನಿಂದ ಟ್ರಂಕು ಮಾಡುವುದೇ ನನ್ನ ವಿದ್ಯೆ. ನಮ್ಮ ಓಣಿಯಿಂದ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಸೀರೆ ಕುಪ್ಪಸವೆಲ್ಲ ನಾನು ಮಾಡಿದ ಟ್ರಂಕಿನಲ್ಲೇ ಹೋದವು. ಹಸಿರು ಬಣ್ಣ, ಮೇಲೆ ಕೆಂಪು ಕಮಲ, ಕಮಲದ ಎರಡೂ ಕಡೆ ಗಿಳಿ. ಗಿಳಿಯನ್ನೂ ನಾನೇ ಬರೆಯುತ್ತಿದ್ದೆ!

ಇಂಥ ನನ್ನ ಮಾನ ಹೋದದ್ದು ಒಂದು ಬಿಸ್ಕೀಟು ಡಬ್ಬಿಯಿಂದ.

ನನ್ನ ಹೆಂಡತಿ ಗಂಗವ್ವನದು ಒಂದು ಹಳೆಯ ತಕರಾರು ಇತ್ತು. "ಊರ ಮಂದಿಗೆಲ್ಲಾ ಟ್ರಂಕ್ ಮಾಡಿ ಕೊಡ್ತೀರಿ. ನಮ್ಮ ಮನ್ಯಾಗ ನೋಡ್ರಿ, ಸಾಸಿವಿ ತುಕ್ಕು ಹಿಡಿದ ಡಬ್ಬ್ಯಾಗ, ನನ್ನ ಸೂಜಿ-ದಾರ ತೆಂಗಿನ ಚಿಪ್ಪಿನ್ಯಾಗ! ಒಂದರ ಚೆಂದನ ಡಬ್ಬಿ ಐತೇನು ಈ ಮನ್ಯಾಗ?"

"ಮಾಡಿಕೊಡ್ತೇನಿ ತಡಿ. ಗಿರಾಕಿ ಕೆಲಸ ಮುಗೀಲಿ," ಎನ್ನುತ್ತಿದ್ದೆ.

ಗಿರಾಕಿ ಕೆಲಸ ಮುಗಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಆದ್ದರಿಂದ ಅದು ಮುಗಿಯಲಿಲ್ಲ.

ಗಂಗವ್ವನ ತಂಗಿ ನೀಲವ್ವನನ್ನು ಧಾರವಾಡದ ಚನ್ನಬಸಪ್ಪನಿಗೆ ಕೊಟ್ಟಿತ್ತು. ಸಂಬಂಧದಲ್ಲಿ ಅವನು ನನಗೆ ಷಡ್ಡಕ. ಸರ್ಕಾರಿ ಕಚೇರಿಯಲ್ಲಿ ಕಾರಕೂನ. ಬಾಗಿದ ಮೂಗು, ಅದರ ಕೆಳಗೆ ಅಗಲ ಮೀಸೆ. ಹುಟ್ಟಿದ್ದು ನಮ್ಮ ಶಿರಗುಪ್ಪಿ ಹಳ್ಳಿಯಲ್ಲೇ, ಆದರೆ ಧಾರವಾಡದ ನೀರು ಕುಡಿದ ಮೇಲೆ ಅವನ 'ಐತಿ'ಗಳೆಲ್ಲ 'ಅದ' ಆಗಿದ್ದವು. ಆಗತಾನೇ ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿ ಒಂದೇ ನಗರ ಮಾಡಿದ್ದರು. ಊರುಗಳು ಕೂಡಿದವು. ಷಡ್ಡಕರು ಕೂಡಲಿಲ್ಲ. ಅವನೇನೂ ಕೆಟ್ಟವನಲ್ಲ. ಎದುರಿಗೆ ಕೂತರೆ ನನಗೆ ನನ್ನ ನಾಲ್ಕನೇ ಇಯತ್ತೆ ನೆನಪಾಗುತ್ತಿತ್ತು, ಅವನ ತಪ್ಪು ಅಷ್ಟೇ.

ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಅವನು ಕಚೇರಿ ಕೆಲಸಕ್ಕೆಂದು ಮುಂಬಯಿಗೆ ಹೋಗಿ ಬಂದಿದ್ದ. ಚೀಲದಿಂದ ಒಂದು ಬಿಸ್ಕೀಟು ಡಬ್ಬಿ ತೆಗೆದು ಇಟ್ಟ.

ಡಬ್ಬಿ ಅಂದರೆ ಡಬ್ಬಿ! ಮುಚ್ಚಳದ ತುಂಬ ಒಂದು ಚಿತ್ರ. ಗುಲಾಬಿ ತೋಟದಲ್ಲಿ ಜೋಕಾಲಿಯ ಮೇಲೆ ಕೂತ ಒಬ್ಬಳು ಮಡ್ಡಮ್ಮ, ಬಿಳಿಯರ ದೊರೆಸಾನಿ. ತಲೆಯ ಮೇಲೆ ಬುಟ್ಟಿಯಂಥ ಟೊಪ್ಪಿಗೆ, ಮೈತುಂಬ ನೆರಿಗೆಯ ಲಂಗ, ಕಾಲ ಬಳಿ ಒಂದು ಬಿಳಿ ನಾಯಿ. ಅವಳ ಕೆನ್ನೆಯ ಮೇಲಿನ ನಸುಗೆಂಪು ಎಲ್ಲಿ ಸುರುವಾಗಿ ಎಲ್ಲಿ ಮುಗಿಯುತ್ತದೆಂಬುದು ನನಗೂ ತಿಳಿಯಲಿಲ್ಲ. ಗಿಳಿ ಬರೆಯುವ ನನಗೆ!

ಬಾಜೂ ಮನೆಯ ಕಲ್ಲವ್ವಜ್ಜಿ ಡಬ್ಬಿ ನೋಡಲೆಂದೇ ಬಂದಳು. "ಬಿಸ್ಕೀಟಿನ್ಯಾಗ ತತ್ತಿ ಹಾಕಿರ್ತಾರಂತಲ್ಲೋ ಯಪ್ಪಾ?" ಎಂದು ಕೇಳಿದಳು. "ಇದರಾಗ ಇಲ್ರಿ ಅಜ್ಜಿ," ಎಂದ ಷಡ್ಡಕ. ಅವನ ಮಾತು ಮುಗಿಯುವುದರೊಳಗೆ ಅಜ್ಜಿ ಎರಡು ತಿಂದಾಗಿತ್ತು.

ಹೊರಡುವಾಗ ಚನ್ನಬಸಪ್ಪ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ ಅಂದ: "ಡಬ್ಬಿ ಇರ್ಲಿ, ಅಣ್ಣಾವ್ರ."

ಎಲ್ಲ ಅನಾಹುತವೂ ಈ ಒಂದು ಮಾತಿನಿಂದ ಆಯಿತು. ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ 'ಇರ್ಲಿ' ಅಂದರೆ ಅರ್ಥ ಒಂದೇ. ಗಿರಾಕಿ ಬಂದು ಟ್ರಂಕು ಆರಿಸಿ, "ಇರ್ಲಿ ಬಸಪ್ಪಣ್ಣ," ಎಂದು ಹೋದನೆಂದರೆ, ಮಾಲು ಅವನದು, ಕಾಯುವುದು ನನ್ನ ಕೆಲಸ, ಸಂತೆಯ ದಿನ ಬಂದು ಒಯ್ಯುತ್ತಾನೆ. ಅಂಥ ಮಾಲಿನ ಮೇಲೆ ನಾನು ಧೂಳು ಕೂಡ ಕೂರಲು ಬಿಟ್ಟವನಲ್ಲ.

ಬಿಸ್ಕೀಟು ಮುಗಿದವು. ಗಂಗವ್ವ ಡಬ್ಬಿಯನ್ನು ಒರೆಸಿ ಗೋಡೆಯ ಮಾಡಿನಲ್ಲಿ, ದೀಪ ಇಡುವ ಗೂಡಿನಲ್ಲಿ, ಇಟ್ಟಳು. ಸೂಜಿ-ದಾರ ಹಾಕಬೇಕೆಂದಳು, ಡಬ್ಬಿಗೆ ಗೀರು ಬಿದ್ದೀತೆಂದು ಬಿಟ್ಟಳು. ತವರಿನಿಂದ ಬಂದ ಕುಪ್ಪಸದ ಖಣ ಇಡಬೇಕೆಂದಳು, ಬಣ್ಣ ಹತ್ತೀತೆಂದು ಬಿಟ್ಟಳು. ಕಡೆಗೆ ಏನೂ ಇಡಲಿಲ್ಲ. ದಿನಾ ಮುಂಜಾನೆ ಸೆರಗಿನಿಂದ ಒರೆಸುವುದು, ನೋಡುವುದು. ಮದುವೆಯಾಗಿ ನನ್ನ ಮನೆಗೆ ಬಂದ ಮೇಲೆ ಅವಳು ಯಾವ ಸಾಮಾನನ್ನೂ ಹಾಗೆ ನೋಡಿರಲಿಲ್ಲ. ನನ್ನನ್ನಂತೂ ನೋಡಿಯೇ ಇರಲಿಲ್ಲ.

"ಭಾಳ ಹಚ್ಚಿಕೋಬ್ಯಾಡ ಅದನ್ನ," ಎಂದೆ. "ಹೊಳ್ಳಿ ಕೊಡೋದೈತಿ."

"ಯಾಕ? ನಮಗ ಕೊಟ್ಟಾರಲ್ರಿ!"

"ಬಿಸ್ಕೀಟು ಕೊಟ್ಟಾರ. ಡಬ್ಬಿ 'ಇರ್ಲಿ' ಅಂದಾನ. ಇರ್ಲಿ ಅಂದ್ರ ಏನು? ಬಂದು ಒಯ್ತೇನಿ ಅಂತ."

"ಇರ್ಲಿ ಅಂದ್ರ ನಿಮ್ಮನ್ಯಾಗ ಇರ್ಲಿ ಅಂತ್ರೀ!"

"ಅದು ಹೆಂಗಸರ ಅರ್ಥ. ನಾಳೆ ಧಾರವಾಡದಾಗ ಅವ ಏನಂದಾನು? ಟ್ರಂಕ್ ಮಾಡೋ ಬಸಪ್ಪ ಮಂದಿ ಡಬ್ಬಿ ನುಂಗಿದ ಅಂದಾನು!"

ಗಂಗವ್ವ ಮಾತು ಬಿಟ್ಟಳು. ಆದರೂ ಖಾಲಿ ಡಬ್ಬಿ ಹೊಳ್ಳಿ ಕಳಿಸುವ ಮನೆತನ ನಮ್ಮದಲ್ಲ. ಸಿಟ್ಟಿನಲ್ಲೇ ಶೇಂಗಾ ಹುರಿದಳು, ಸಿಟ್ಟಿನಲ್ಲೇ ಬೆಲ್ಲ ಕುಟ್ಟಿದಳು, ಉಂಡಿ ಕಟ್ಟಿ ಡಬ್ಬಿ ತುಂಬಿದಳು. ಆ ಉಂಡಿ ಕಲ್ಲಿನಂತೆ ಗಟ್ಟಿಯಾಗಿದ್ದಕ್ಕೆ ಪಾಕ ಕಾರಣವಲ್ಲ.

ನಾನು ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಡಬ್ಬಿ ಮುಟ್ಟಿಸಿ ಬಂದೆ. ಎದೆ ಹಗುರಾಯಿತು. ಋಣ ತೀರಿತು.

ತೀರಲಿಲ್ಲ! ಮುಂದಿನ ವಾರ ಚನ್ನಬಸಪ್ಪ ಕೆಲಸದ ಮೇಲೆ ಹುಬ್ಬಳ್ಳಿಗೆ ಬಂದವನು ಅಂಗಡಿಗೆ ಬಂದ. ಕೈಯಲ್ಲಿ ಅದೇ ಡಬ್ಬಿ. ಒಳಗೆ ಧಾರವಾಡದ ಫೇಡೆ. "ನೀಲಾ ಕೊಟ್ಟಾಳ್ರಿ ಅಣ್ಣಾವ್ರ. ಡಬ್ಬಿ ಇರ್ಲಿ." ಎಂದು ಹೊರಟೇಬಿಟ್ಟ.

ಇದು ನನಗೆ ಏಟು ಕೊಟ್ಟಂತಾಯಿತು. ನಾನು ಶೇಂಗಾ ಉಂಡಿ ಕೊಟ್ಟರೆ ಅವನು ಫೇಡೆ ಕೊಡುತ್ತಾನೆ! ಗಂಗವ್ವನಿಗೆ ಮಾತ್ರ ಹೋದ ಮಗಳು ತವರಿಗೆ ಬಂದಷ್ಟು ಸಂತೋಷ. "ನೋಡ್ರಿ, ನಾ ಹೇಳಲಿಲ್ಲ? ಡಬ್ಬಿ ನಮ್ಮದ!" ಎಂದು ಮತ್ತೆ ಮಾಡಿನಲ್ಲಿ ಇಟ್ಟಳು.

ನಾನು ಅದೇ ಡಬ್ಬಿಯಲ್ಲಿ ಕರದಂಟು ತುಂಬಿಕೊಂಡು ಹೋದೆ. ಅವನು ಬೇಸನ್ ಉಂಡಿ ತಂದ. ನಾನು ಗೋಡಂಬಿ ದ್ರಾಕ್ಷಿ ತುಂಬಿದೆ. ಅವನು ಖಾರೀಕು ಬದಾಮು ತಂದ. ಪ್ರತಿ ಸಲವೂ ಅದೇ ಮಾತು: "ಡಬ್ಬಿ ಇರ್ಲಿ, ಅಣ್ಣಾವ್ರ." ಬಸ್ಸಿನ ಕಂಡಕ್ಟರನಿಗೂ ಜೋಕಾಲಿ ಮಡ್ಡಮ್ಮನ ಗುರುತು ಹತ್ತಿತು. "ಮಡ್ಡಮ್ಮಾರು ಇವತ್ತು ಎಲ್ಲಿಗೆ ಹೊಂಟಾರ್ರೀ? ಗಂಡನ ಮನಿಗೋ ತವರಮನಿಗೋ?" ಎಂದು ಕೇಳುತ್ತಿದ್ದ.

ಇದಕ್ಕೆ ಒಂದು ಕೊನೆ ಹಾಡಬೇಕೆಂದು ತೀರ್ಮಾನಿಸಿದೆ. ಅದನ್ನು ಮೀರಿಸಿ ಅವನು ತಿರುಗಿ ಏನನ್ನೂ ತುಂಬಲಾರದಂಥ ವಸ್ತು ಕೊಡಬೇಕು. ಯಾವುದು? ತುಪ್ಪ! ಶಿರಗುಪ್ಪಿಯಿಂದ ಬೆಣ್ಣೆ ತರಿಸಿ, ಕಾಸಿ, ಡಬ್ಬಿಯ ಕಂಠದವರೆಗೆ ತುಂಬಿಸಿದೆ.

"ಬಿಸ್ಕೀಟು ಡಬ್ಬ್ಯಾಗ ತುಪ್ಪ ನಿಲ್ತೈತೇನ್ರಿ?" ಎಂದಳು ಗಂಗವ್ವ. "ಬಸ್ಸಿನ್ಯಾಗ ಸೋರತೈತಿ. ಗಿಂಡ್ಯಾಗ ಒಯ್ರಿ. ಡಬ್ಬಿ ಇಲ್ಲೇ ಬಿಡ್ರಿ."

"ಏ ಹುಚ್ಚಿ, ನೀ ಯಾರ ಹೇಂತಿ ಅನ್ನೋದು ಮರತಿ ಏನು? ತಗಡು ಸೋರತೈತಿ ಅಂತ ನನಗ ಹೇಳ್ತಿ?"

ಅಂಗಡಿಗೆ ಒಯ್ದೆ. ಇದ್ದಲಿ ಒಲೆ ಊದಿದೆ, ಕಬ್ಬಿಣ ಕಾಸಿದೆ. ಮುಚ್ಚಳದ ಅಂಚಿಗೆ ಸುತ್ತಲೂ ಆಸಿಡ್ ಹಚ್ಚಿ ಬೆಸುಗೆ ಎಳೆಯತೊಡಗಿದೆ. ಅಂಥ ಸಪೂರ ಬೆಸುಗೆ ನಾನು ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಅದರ ಚೆಂದವನ್ನೇ ನೋಡುತ್ತ ಇದ್ದೆ. ಮಡ್ಡಮ್ಮನ ಟೊಪ್ಪಿಗೆ ಅಂಚಿಗೆ ತಾಗಿಕೊಂಡೇ ಇತ್ತೆಂಬುದು ಲಕ್ಷ್ಯಕ್ಕೆ ಬರಲಿಲ್ಲ. ಮೊದಲು ಟೊಪ್ಪಿಗೆ ಹೊಗೆಯಾಡಿತು. ಆಮೇಲೆ ಹಣೆಯ ಮೇಲೆ ಬೊಬ್ಬೆ ಎದ್ದವು. ಗಾಬರಿಯಾಗಿ ಕೈ ಎಳೆದುಕೊಂಡೆ, ಆಸಿಡ್ಡಿನ ಹನಿ ನೇರ ಮುಖದ ಮೇಲೆ ಬಿತ್ತು. ಬಟ್ಟೆಯಿಂದ ಒರೆಸಿದೆ.

ಮುಖ ಬಟ್ಟೆಗೆ ಬಂತು! ಡಬ್ಬಿಯ ಮೇಲೆ ಬರೀ ತಗಡು!

ನಾನು ಎದೆಗೆಡಲಿಲ್ಲ. ಬಣ್ಣ, ಕುಂಚ ಎರಡೂ ಕೈಯಳತೆಯಲ್ಲಿ ಇದ್ದವು. ಕೆಂಪಿಗೆ ಬಿಳಿ ಕೂಡಿಸಿ ಮೈಬಣ್ಣ ಮಾಡಿದೆ. ಆದರೆ ಕೈಗೆ ರೂಢಿ ಇದ್ದದ್ದು ಕಮಲ ಮತ್ತು ಗಿಳಿ. ಕಣ್ಣು ಕಮಲದ ಎಸಳಾದವು, ಮೂಗು ಗಿಳಿಯದಾಯಿತು. ತುಟಿಯ ಮೇಲೆ ಸ್ವಲ್ಪ ಕಪ್ಪು ಜಾರಿತು. ಒರೆಸಲು ಹೋದೆ, ಅದು ಎರಡೂ ಕಡೆ ಹರಡಿ ಮೀಸೆಯಾಯಿತು.

ಬುತ್ತಿ ತಂದ ಗಂಗವ್ವ ಮುಚ್ಚಳ ನೋಡಿದಳು. ಬುತ್ತಿ ಕೆಳಗಿಟ್ಟಳು. ಮತ್ತೆ ನೋಡಿದಳು.

"ಅಯ್ಯ ಶಿವನ! ಇದು ನಮ್ಮ ನೀಲಾನ ಗಂಡನ ಮಾರಿ ಅಲ್ಲೇನ್ರಿ?"

ಖರೇ. ಅದೇ ಗಿಳಿ ಮೂಗು, ಅದೇ ಮೀಸೆ. ಲಂಗ ಉಟ್ಟು ಜೋಕಾಲಿಯ ಮೇಲೆ ಕೂತಿದ್ದ ನನ್ನ ಷಡ್ಡಕ!

"ಇದನ್ನ ಒಯ್ಯಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದಳು. ಆದರೆ ಕೆಲಸ ಮಾಡಿದ ಮಾಲನ್ನು ಮುಟ್ಟಿಸದೆ ಬಿಟ್ಟವನಲ್ಲ ನಾನು. ಅದೂ ಅಲ್ಲದೆ ಬೆಸುಗೆ ಅಷ್ಟು ಛಲೋ ಬಂದಿತ್ತು.

ಧಾರವಾಡದಲ್ಲಿ ನನ್ನ ದೈವ ಕಾಯುತ್ತಿತ್ತು. ಚನ್ನಬಸಪ್ಪನ ಕಚೇರಿಯ ಸಾಹೇಬರು ಅಂದು ಚಹಾಕ್ಕೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಮಿರಿಮಿರಿ ಬೂಟು. ನಾನು ಡಬ್ಬಿಯನ್ನು ನಡುವೆ ಇಟ್ಟೆ. ಸಾಹೇಬರು ಕನ್ನಡಕ ಏರಿಸಿ ಮುಚ್ಚಳ ನೋಡಿದರು, ಚನ್ನಬಸಪ್ಪನನ್ನು ನೋಡಿದರು, ಮತ್ತೆ ಮುಚ್ಚಳ ನೋಡಿದರು.

"ಚಿತ್ರ ಥೇಟ್ ನಿಮ್ಮಂಗ ಬಂದದ ನೋಡ್ರಿ, ಚನ್ನಬಸಪ್ಪನವರ. ಆದ್ರ ಲಂಗ ಯಾಕ ಉಟ್ಟೀರಿ?"

ಚನ್ನಬಸಪ್ಪನ ಮುಖ ಕೆಂಪಾಯಿತು. ನಾನು ಕೂಡಿಸಿದ ಕೆಂಪಿಗಿಂತ ಹೆಚ್ಚು. ಮಾತು ತಪ್ಪಿಸಲು ನೀಲವ್ವ, "ಒಳಗೇನು ತಂದೀರಿ ಮಾವಾರ?" ಎಂದು ಮುಚ್ಚಳಕ್ಕೆ ಕೈ ಹಾಕಿದಳು. ಬರಲಿಲ್ಲ. ಚಮಚ ಹಾಕಿದಳು, ಚಮಚ ಬಾಗಿತು. ಷಡ್ಡಕ ಚಾಕು ತಂದ, ಚಾಕು ಮುರಿಯಿತು. ನಾನು ಕಾಲ ಮೇಲೆ ಕಾಲು ಹಾಕಿ ಕೂತು ಅಂದೆ: "ಅದು ಹಂಗೆಲ್ಲಾ ಬರಂಗಿಲ್ಲ. ಹುಬ್ಬಳ್ಳಿ ಬೆಸಿಗಿ ಅದು."

"ಮತ್ತ ಹೆಂಗ ತೆಗೀಬೇಕ್ರಿ, ಅಣ್ಣಾವ್ರ?"

ಅದನ್ನು ನಾನು ವಿಚಾರ ಮಾಡಿರಲಿಲ್ಲ! ಬೆಸುಗೆ ಬಿಡಿಸುವ ಕಬ್ಬಿಣ ಹುಬ್ಬಳ್ಳಿಯಲ್ಲಿತ್ತು, ಡಬ್ಬಿ ಧಾರವಾಡದಲ್ಲಿತ್ತು. ಆದರೂ ಸಾಹೇಬರ ಎದುರಿಗೆ ಸೋಲುವುದುಂಟೆ? ನೀಲವ್ವನ ಕಡೆಯಿಂದ ಒಂದು ದೊಡ್ಡ ಮೊಳೆ, ಒಂದು ಗುಂಡುಕಲ್ಲು ತರಿಸಿ, ಡಬ್ಬಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಅಂಚಿನ ಮೇಲೆ ಒಂದು ಏಟು ಹಾಕಿದೆ. ತಗಡು ಹರಿಯಿತು. ಬಸ್ಸಿನ ಬಿಸಿಲಿಗೆ ಕರಗಿದ್ದ ತುಪ್ಪ ಒಮ್ಮೆಲೇ ಚಿಮ್ಮಿತು. ನನ್ನ ಮೇಲೆ ಸ್ವಲ್ಪವೇ ಬಿತ್ತು. ಉಳಿದದ್ದೆಲ್ಲ ಸಾಹೇಬರ ಪ್ಯಾಂಟಿನ ಮೇಲೆ!

ಒಳ್ಳೆಯ ತುಪ್ಪ. ಮನೆಯೆಲ್ಲ ಘಮಘಮ ಅಂದಿತು.

ಸಾಹೇಬರು ಹೋದ ಮೇಲೆ ನೀಲವ್ವ ಒರೆಸುವ ಅರಿವೆ ತಂದಳು. ಚನ್ನಬಸಪ್ಪ ಕೈ ಮುಗಿದ.

"ಅಣ್ಣಾವ್ರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಡಬ್ಬಿ ನಿಮಗ ಯಾಕ ಬ್ಯಾಡಾಗ್ಯದ?"

"ನಂದಲ್ಲದ್ದು ನಾ ಹೆಂಗ ಇಟ್ಟುಕೊಳ್ಳಲಿ? ನೀವ 'ಇರ್ಲಿ' ಅಂದಿದ್ರಿ!"

"ಹೂಂರೀ! ಇರ್ಲಿ ಅಂದ್ರ ನಿಮ್ಮಲ್ಲೇ ಇರ್ಲಿ, ಅಕ್ಕಾವ್ರಿಗೆ ಇರ್ಲಿ ಅಂತ! ಕೊಟ್ಟದ್ದನ್ನ 'ಕೊಟ್ಟೀನಿ' ಅಂತ ಬಾಯಿಬಿಟ್ಟು ಹ್ಯಾಂಗ ಹೇಳ್ಲಿಕ್ಕೆ ಆಗ್ತದ್ರೀ?"

"ಹಂಗಾದ್ರ ಪ್ರತಿ ಸಲ ತುಂಬಿ ತುಂಬಿ ತಂದು ಕೊಡ್ತಿದ್ರಲ್ಲ?"

"ಅಕ್ಕನ ಡಬ್ಬಿನ ನಾವು ಖಾಲಿ ಹೊಳ್ಳಿ ಕೊಡೋದ್ ಹೆಂಗ್ರೀ ಮಾವಾರ?" ಎಂದಳು ನೀಲವ್ವ. ನೆಲದ ಮೇಲಿನ ತುಪ್ಪ ಒರೆಸುತ್ತ ಮೆಲ್ಲಗೆ ಅಂದಳು: "ಸಣ್ಣಾಕಿ ಇದ್ದಾಗ ಒಬ್ಬರ ಮನ್ಯಾಗ ಇಂಥಾ ಡಬ್ಬಿ ನೋಡಿ ಅಕ್ಕ ಎರಡು ದಿನ ಅತ್ತಿದ್ಲು. ಅದಕ್ಕಂತನ ಇವರಿಗೆ ಗಂಟುಬಿದ್ದು ತರಿಸಿದ್ದೆ."

ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ 'ಇರ್ಲಿ'ಗೆ ಗಂಗವ್ವನೂ ಅದೇ ಅರ್ಥ ಹೇಳಿದ್ದಳು. ಅದಕ್ಕೆ ನಾನು ಹೆಂಗಸರ ಅರ್ಥ ಅಂದಿದ್ದೆ.

ಹರಿದ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಮುಚ್ಚಳ ನೋಡಿದ, ನನ್ನ ಮುಖ ನೋಡಿದ, ಏನೂ ಕೇಳದೆ ಚೀಟಿ ಹರಿದು ಕೊಟ್ಟ.

ಗಂಗವ್ವನ ಮುಂದೆ ಡಬ್ಬಿ ಇಟ್ಟು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನಾಯಿಯ ಚಿತ್ರವೊಂದು ಕೆಡದೆ ಉಳಿದಿತ್ತು, ಅದರ ಮೇಲಿನ ಜಿಡ್ಡನ್ನು ಸೆರಗಿನಿಂದ ಒರೆಸಿದಳು.

"ನಾ ನಿನಗ ಇದಕ್ಕಿಂತ ಚೆಂದಂದು ಮಾಡಿಕೊಡ್ತೇನಿ," ಎಂದೆ. "ನಾಳೆನ ಸುರು ಮಾಡ್ತೇನಿ. ಗಿರಾಕಿ ಕೆಲಸ ಬದಿಗಿಡ್ತೇನಿ."

"ಬ್ಯಾಡ್ರಿ," ಎಂದಳು. "ನೀವು ಮಾಡಿದ್ದು ಒಂದು ಮನ್ಯಾಗ ಐತಿ. ಅಷ್ಟ ಸಾಕು."

ಆ ಡಬ್ಬಿ ಈಗ ಅಡಿಗೆಮನೆಯಲ್ಲಿದೆ. ಪಾತ್ರೆ ತಿಕ್ಕುವ ಬೂದಿ ಹಾಕಿ ಇಟ್ಟಿದ್ದಾಳೆ. ಎಂದಾದರೊಮ್ಮೆ ಉಣ್ಣಲು ಕೂತಾಗ ನಾನು ಅವಳಿಗೆ ಏನಾದರೂ ಬುದ್ಧಿ ಹೇಳಲು ಗಂಟಲು ಸರಿಮಾಡಿಕೊಂಡರೆ, ಅವಳು ಕೈ ಚಾಚಿ, ಮೀಸೆಯ ಮಡ್ಡಮ್ಮನ ಮುಖವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿ ಇಡುತ್ತಾಳೆ.

ನಾನು ಸುಮ್ಮನೆ ರೊಟ್ಟಿ ಮುರಿಯುತ್ತೇನೆ.