ತವಾದ ಕುಂಚಿಗಿ

ಸೂಜಿಯ ಕಣ್ಣಿಗೂ ನನ್ನ ಕಣ್ಣಿಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಕೆಲವರು ಮಾತಾಡುತ್ತ ಮಾತಾಡುತ್ತಲೇ ದಾರ ಪೋಣಿಸಿಬಿಡುತ್ತಾರೆ. ನಾನು ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ಎಂಜಲು ಮಾಡಿ ಮಾಡಿ ಅದು ನೆಂದ ಬತ್ತಿಯಂತಾದ ಮೇಲೆ ಯಾರನ್ನಾದರೂ ಕರೆಯುತ್ತೇನೆ. ತವರಿನಲ್ಲಿದ್ದಾಗ ಅಂಗಿಯ ಗುಂಡಿ ಹಚ್ಚುವುದನ್ನೂ ಅವ್ವನೇ ಮಾಡುತ್ತಿದ್ದಳು. "ಸಾಲಿ ಕಲಿಸೂ ಹುಡುಗಿ, ಹೊಲಿಗಿ ತಗೊಂಡು ಏನ್ ಮಾಡ್ತಾಳ" ಎಂದು ಎಲ್ಲರೆದುರು ನನ್ನನ್ನು ವಹಿಸಿಕೊಳ್ಳುತ್ತಿದ್ದಳು. ಇಂಥ ನಾನು ಮದುವೆಯಾಗಿ ಮಿಶ್ರಿಕೋಟಿಗೆ ಬಂದದ್ದು ಊರಲ್ಲೇ ಹೆಸರಾದ ಕೌದಿ ಹೊಲಿಯುವವರ ಮನೆಗೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ನಮ್ಮ ಅತ್ತೆ ನೀಲವ್ವ ಹೊಲಿದ ಕೌದಿ ಹೊದ್ದವರು ಬೆಳಿಗ್ಗೆ ಬೇಗ ಏಳುವುದಿಲ್ಲ ಎಂಬ ಮಾತಿತ್ತು. ನಮ್ಮ ಮನೆಯವರನ್ನು ನೋಡಿದರೆ ಅದು ನಿಜವೂ ಅನ್ನಿಸುತ್ತಿತ್ತು.

ಬರುವಾಗ ತವರಿನಿಂದ ಒಂದು ದೋಸೆ ತವಾ ತಂದಿದ್ದೆ. ಹುಬ್ಬಳ್ಳಿಯ ಗ್ಯಾಸಿನ ಒಲೆಗಳಿಗೆಂದು ಮಾಡಿದ್ದು, ಕರಿ ಹಿಡಿಕೆ ಇತ್ತು. ನಮ್ಮ ಮನೆಯಲ್ಲಿದ್ದದ್ದು ಕಟ್ಟಿಗೆಯ ಒಲೆ. ಅತ್ತೆ ಮೊದಲು ಅದರ ಕಡೆ ತಿರುಗಿಯೂ ನೋಡಲಿಲ್ಲ. "ರೊಟ್ಟಿ ಹಂಚಿಗೆ ಬಾಲಾ ಯಾತಕ್ಕ ಬೇ?" ಎಂದರು. ಒಂದು ದಿನ ನಾನು ಶಾಲೆಯಿಂದ ಬಂದಾಗ ಅದೇ ತವಾದ ಮೇಲೆ ದೋಸೆ ಹುಯ್ಯುತ್ತ ಕೂತಿದ್ದರು. ನನ್ನನ್ನು ಕಂಡು, "ಹಾಳ ಬಿದ್ದಿತ್ತು, ಜಂಗ ಹಿಡೀತಿತ್ತು, ಅದಕ್ಕ" ಎಂದರು. ಅಲ್ಲಿಂದ ಮುಂದೆ ದಿನ ಬಿಟ್ಟು ದಿನ ತವಾಕ್ಕೆ ತುಕ್ಕಿನ ಭಯ ಹುಟ್ಟತೊಡಗಿತು, ನಮಗೆ ದೋಸೆ ಸಿಗತೊಡಗಿತು.

ಆದರೆ ಕಟ್ಟಿಗೆಯ ಉರಿಗೆ ಆ ಕರಿ ಹಿಡಿಕೆ ಸೀಳು ಬಿಟ್ಟು ಉದುರಿಹೋಗಿ ಬರಿಯ ಕಬ್ಬಿಣದ ಸಳಿ ಉಳಿಯಿತು. ಅತ್ತೆ ಸೆರಗಿನಲ್ಲಿ ಹಿಡಿದು ಸುಧಾರಿಸುತ್ತಿದ್ದರು. ಒಂದು ಮುಂಜಾನೆ ನಮ್ಮ ಮನೆಯವರು ಹುಬ್ಬಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಬೊಬ್ಬೆ ಹಾಕುತ್ತಿದ್ದರು. ಅವಸರದಲ್ಲಿ ಅತ್ತೆ ಬರಿಗೈಲಿ ಸಳಿ ಹಿಡಿದುಬಿಟ್ಟರು. ಬೇರೆಯವರಾಗಿದ್ದರೆ ತವಾ ಎಸೆಯುತ್ತಿದ್ದರು. ಇವರು ದೋಸೆಯನ್ನು ಮಗನ ತಾಟಿಗೆ ಸರಿಯಾಗಿ ಜಾರಿಸಿ, ತವಾ ಕೆಳಗಿಟ್ಟು, ಆಮೇಲೆ "ಯವ್ವಾ ಸತ್ನೆವ್ವೋ" ಎಂದು ಕೂಗಿದರು. ಬಲಗೈ ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು. ಲೋಳಸರ ಹಚ್ಚಿ ಧೋತರದ ಪಟ್ಟಿ ಕಟ್ಟಿದೆ.

ಸಂಜೆಗೆ ಬಾಜು ಮನೆಯ ಗೌರಕ್ಕ ನೋಡಲು ಬಂದಳು. ಪಟ್ಟಿ ನೋಡಿದಳು, ತವಾ ನೋಡಿದಳು, ನನ್ನನ್ನು ನೋಡಿದಳು. "ಸೊಸಿ ತಂದ ಸಾಮಾನು ಅತ್ತಿ ಕೈ ಸುಟ್ಟಿತು ಅನ್ರಿ" ಎಂದು ನಿಟ್ಟುಸಿರು ಬಿಟ್ಟಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಮನೆಯವರು ತಾಯಿಯ ಮೇಲಿನ ಪ್ರೀತಿಯಿಂದ, "ಆ ತವಾ ಅಟ್ಟಕ್ಕ ಹಾಕಿಬಿಡೂಣು ಬೇ" ಎಂದರು.

"ಅಟ್ಟಕ್ಕ ನಿನ್ನ ಹಾಕ್ತೇನಿ" ಎಂದರು ಅತ್ತೆ. "ಬಸ್ಸು ಬಸ್ಸು ಅಂತ ಒದರಿದವ ಯಾರು? ತವಾ ಒದರಿತ್ತೇನು?" ಆಮೇಲೆ ನನ್ನ ಕಡೆ ತಿರುಗಿ, "ಅದಕ್ಕೊಂದು ಕುಂಚಿಗಿ ಹೊಲದರ ಆತು. ನನ್ನ ಕೈ ಅಂತೂ ಹಿಂಗಾಗೇತಿ. ನೀನ ಹೊಲಿ, ಸರೋಜಾ" ಎಂದರು.

ಕುಂಚಿಗಿ ಎಂದರೆ ನಮ್ಮ ಕಡೆ ಕೂಸಿನ ತಲೆಯಿಂದ ಬೆನ್ನಿನ ತನಕ ಹೊದಿಸುವ ಟೊಪ್ಪಿಗೆ. ತವಾದ ಹಿಡಿಕೆಗೆ ಈ ಹೆಸರಿಟ್ಟ ಮೇಲೆ ಇಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡೆ. ಆಮೇಲೆ ತಿಳಿಯಿತು, ಹೇಳಿಕೊಡುವುದು ಅತ್ತೆಗೂ ಬರುವುದಿಲ್ಲ. ಅವರ ವಿದ್ಯೆಯೆಲ್ಲ ಬೆರಳಿನಲ್ಲಿತ್ತು, ಬೆರಳು ಪಟ್ಟಿಯೊಳಗಿದ್ದವು. "ಹಿಂಗ ತಗೋ, ಹಿಂಗ ಹಾಕು, ಹಿಂಗ ಎಳಿ" ಎಂದು ಪಟ್ಟಿ ಕಟ್ಟಿದ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಮೇಲಾಗಿ ಕೌದಿ ಸಪಾಟ, ಇದು ಕೊಳವೆ. ಕೊಳವೆಯನ್ನು ಅವರೂ ಎಂದೂ ಹೊಲಿದವರಲ್ಲ.

ಮೊದಲ ಕುಂಚಿಗಿಯನ್ನು ಒಂದು ಮಧ್ಯಾಹ್ನವಿಡೀ ಹೊಲಿದೆ. ಮುಗಿಯಿತೆಂದು ಹೆಮ್ಮೆಯಿಂದ ಎದ್ದು ನಿಂತರೆ ನನ್ನ ಸೀರೆಯೂ ಅದರೊಂದಿಗೆ ಎದ್ದಿತು. ತೊಡೆಯ ಮೇಲಿಟ್ಟುಕೊಂಡು ಹೊಲಿಯುವಾಗ ನೆರಿಗೆಗಳನ್ನೂ ಸೇರಿಸಿ ಹೊಲಿಗೆಯ ಟಾಕಿ ಹಾಕಿದ್ದೆ. ಎರಡನೆಯದನ್ನು ಶಾಲೆಯ ಬುದ್ಧಿ ಉಪಯೋಗಿಸಿ, ಸಳಿಯ ಸುತ್ತಳತೆ ತೆಗೆದು, ಗೆರೆ ಹಾಕಿ ಕತ್ತರಿಸಿದೆ. ಬಟ್ಟೆಗೂ ದಪ್ಪ ಇರುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಬರಲಿಲ್ಲ. ಅದು ಅರ್ಧಕ್ಕೆ ಹೋಗಿ ನಿಂತುಬಿಟ್ಟಿತು, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಅತ್ತೆ ಒಂದು ತುದಿ, ನಾನು ಒಂದು ತುದಿ ಹಿಡಿದು ಎಳೆದೆವು. ಕೊನೆಗೆ ಕತ್ತರಿಸಿ ತೆಗೆಯುವಾಗ ಅತ್ತೆ ನಕ್ಕು ನಕ್ಕು ಗೋಡೆಗೆ ಒರಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಈ ನಡುವೆ ರೊಟ್ಟಿ ಬಡಿಯುವ ಕೆಲಸವೂ ನನ್ನ ಮೇಲೆ ಬಿದ್ದಿತ್ತು. ನನ್ನ ರೊಟ್ಟಿಗಳ ಆಕಾರದ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ನಮ್ಮ ಮನೆಯವರು ಅವನ್ನು ಮಾತಿಲ್ಲದೆ ತಿಂದರು. ಆ ಉಪಕಾರವನ್ನು ಇಂದಿಗೂ ಮರೆತಿಲ್ಲ.

ಮೂರನೆಯ ಕುಂಚಿಗಿ ಅಂತೂ ತಯಾರಾಯಿತು. ಒಳಗೆ ಮಾವನವರ ಧೋತರದ ಪದರಗಳು, ಹೊರಗೆ ಅತ್ತೆಯ ಹಳೆಯ ಕೆಂಪು ಸೀರೆ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊರಗಿ, ಇಲಿ ನುಂಗಿದ ಹಾವಿನಂತಿತ್ತು. ಟಾಕಿಗಳು ಕುಡಿದು ಮನೆಗೆ ಹೊರಟವನ ಹೆಜ್ಜೆಗಳಂತಿದ್ದವು. ಅತ್ತೆಯ ಪಟ್ಟಿ ಬಿಚ್ಚಿದ ಮೇಲೆ ಒಲೆಯ ಮುಂದೆ ಪರೀಕ್ಷೆ ನಡೆಯಿತು. ಕಾದ ತವಾಕ್ಕೆ ಕುಂಚಿಗಿ ತೊಡಿಸಿ, ಇನ್ನೂ ಗುಲಾಬಿ ಬಣ್ಣಕ್ಕಿದ್ದ ಹೊಸ ಚರ್ಮದ ಕೈಯಿಂದ ಅವರು ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಕಣ್ಣ ತಗಿ ಬೇ" ಎಂದರು. "ತಣ್ಣಗ ಐತಿ."

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಾರವೊಂದು ಕಳೆಯುವುದರೊಳಗೆ ನೋಡುತ್ತೇನೆ, ಅತ್ತೆ ಮತ್ತೆ ಸೆರಗಿನಲ್ಲೇ ಸಳಿ ಹಿಡಿಯುತ್ತಿದ್ದಾರೆ! ಕುಂಚಿಗಿ ಪಡಸಾಲೆಯ ಗೂಟಕ್ಕೆ ತೂಗುತ್ತಿದೆ.

"ಅತ್ತಿ, ಕೈ ಸುಡ್ತೈತಿ, ಅದನ್ನ ಹಾಕ್ಕೋರಿ" ಎಂದೆ.

"ಮಸಿ ಆಗ್ತೈತಿ" ಎಂದರು.

ಸರಿ, ದಿನದ ಬಳಕೆಗೆ ಇನ್ನೊಂದು ಹೊಲಿದೆ. ಹಟ ಹಿಡಿದು ಹಳೆಯ ಬಟ್ಟೆಯ ಮೇಲೆ ಅಭ್ಯಾಸ ಮಾಡಿ, ಟಾಕಿ ಸಾಲಾಗಿ ಬೀಳುವ ತನಕ ಬಿಚ್ಚಿ ಬಿಚ್ಚಿ ಹೊಲಿದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಗಡ್ಯಾಗ ತಂದಂಗ ಐತಿ" ಎಂದು ಮುಖ ಸಣ್ಣದು ಮಾಡಿದರು. ಅದೇ ದಿನ ತವಾಕ್ಕೆ ತೊಡಿಸಿದರು. ನಾಲ್ಕು ದಿನದಲ್ಲಿ ಅದು ಮಸಿಯಾಗಿ, ಎಣ್ಣೆ ಕುಡಿದು, ನಮ್ಮ ಬೆಕ್ಕು ಕೂಡ ಮೂಸುವಂತಾಯಿತು.

ಗೂಟದ ಮೇಲಿನದನ್ನು ಮಾತ್ರ ಬಂದವರಿಗೆಲ್ಲ ತೋರಿಸುವುದು ನಡೆದೇ ಇತ್ತು. ಒಮ್ಮೆ ನವಲಗುಂದದಿಂದ ಬೀಗರ ಪೈಕಿಯ ಹೆಣ್ಣುಮಗಳೊಬ್ಬರು ಬಂದರು. ಅವರು ಕುಂಚಿಗಿಯನ್ನು ಕೈಗೆ ತೆಗೆದುಕೊಂಡು, ಅದರ ಸೊಟ್ಟ ಟಾಕಿಗಳ ಮೇಲೆ ಬೆರಳಾಡಿಸಿ, "ಟೀಚರು ಈಗೂ ಹಿಂಗ ಹೊಲೀತಾರೇನ್ರಿ?" ಎಂದು ಕೇಳಿದರು.

"ಎಲ್ಲಿದ್ರಿ" ಎಂದು ಅತ್ತೆ ನಿಜವಾದ ದುಃಖದಿಂದ ತಲೆಯಾಡಿಸಿದರು. "ಈಗ ಆಕಿಗೆ ಆ ಕೈ ಹೋತು."

ನಾನು ಚಹಾ ಮಾಡುವ ನೆಪದಿಂದ ಒಳಗೆ ಎದ್ದು ಹೋದೆ. ಅವರ ಮಾತು ಸುಳ್ಳಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಕೂತು ಪ್ರಯತ್ನ ಮಾಡಿ ನೋಡಿದ್ದೇನೆ. ಅಷ್ಟು ಸೊಟ್ಟಗೆ ಹೊಲಿಯಲು ನನಗೆ ಬರುವುದೇ ಇಲ್ಲ.