ನಾಲ್ಕನೆಯ ಜೇಡ

ಗಂಡಸಾದವನು ಮನೆಯಲ್ಲಿ ನಾಲ್ಕು ಜೇಡ ಸಾಕುವುದಕ್ಕೂ ಹೆಂಡತಿಯ ಅಪ್ಪಣೆ ಬೇಕೆಂದರೆ ಅವನ ಯಜಮಾನಿಕೆ ಸುಡಲಿ ಎಂಬುದು ನಮ್ಮ ಗುಮಾಸ್ತರ ಕೊರಗು. (ಇದನ್ನು ಅವರು ತೋಡಿಕೊಳ್ಳುತ್ತಿದ್ದದ್ದು ಕಚೇರಿಯಲ್ಲಿ ಮಾತ್ರ.) ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡವಲ್ಲ, ಅಂಗೈಯಗಲದ, ಮೈತುಂಬ ರೋಮದ ಟರಾಂಟುಲಾ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ತೀರ್ಪು ಕೊಟ್ಟಿದ್ದಳು: "ಮೂರೇ ಮೂರು. ನಾಲ್ಕನೇದು ಕಣ್ಣಿಗೆ ಬಿತ್ತೋ, ಅಷ್ಟೂ ಅಂಗಡಿಗೆ ವಾಪಸ್."

ಆ ಮೂರನ್ನು ಆರಿಸುವುದರಲ್ಲಿ ಗುಮಾಸ್ತರು ತೋರಿದ ಪಾಂಡಿತ್ಯ ಅಷ್ಟಿಷ್ಟಲ್ಲ. ಓಡುವ ಜಾತಿ ಬೇಡ, ಮರ ಹತ್ತುವ ಜಾತಿ ಬೇಡ, ಬೇಗ ಸಾಯುವ ಗಂಡು ಬೇಡವೆಂದು ಒಂದೊಂದರ ಜಾತಕ ಜಾಲಾಡಿ, ನಿಧಾನವಾಗಿ ನಡೆಯುವ ಮೂರು ಹೆಣ್ಣುಗಳನ್ನು ತಂದು ಮಲಗುವ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಸಮೇತ ಪ್ರತಿಷ್ಠಾಪಿಸಿದರು. ಮುಟ್ಟಿದ್ದು ಮಾತ್ರ ಒಂದನ್ನೂ ಇಲ್ಲ. ಮುಟ್ಟಿದರೆ ಅವುಗಳ ಮನಸ್ಸಿಗೆ ನೋವಾಗುತ್ತದಂತೆ.

ಒಂದು ಬೆಳಗ್ಗೆ ಕಚೇರಿಗೆ ಹೊರಡುವಾಗ ನೋಡುತ್ತಾರೆ, ಕೆಂಪು ಮಂಡಿಯ ಹಿರಿಯಳು ಎಂಟೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿದ್ದಾಳೆ. ಇಪ್ಪತ್ತು ವರ್ಷ ಬದುಕುತ್ತದೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದ ಪ್ರಾಣಿ. ಗೊತ್ತಾದರೆ "ಇದನ್ನೇ ಸಾಕೋಕಾಗಲಿಲ್ಲ" ಎಂದು ಉಳಿದೆರಡನ್ನೂ ಕಳಿಸಿಬಿಡುತ್ತಾಳೆ. ಹೆಣ ತೆಗೆಯಲು ಕೈ ಚಾಚಿದರು. ಕೈ ಅರ್ಧದಲ್ಲೇ ನಿಂತಿತು. ಕೊನೆಗೆ ಪೆಟ್ಟಿಗೆಗೊಂದು ಟವೆಲ್ ಹೊದಿಸಿ ಕಚೇರಿಗೆ ಓಡಿದರು.

ಸಂಜೆ ಅಂಗಡಿಯಲ್ಲಿ ಪಾಂಡಿತ್ಯಕ್ಕೆ ಪುರುಸೊತ್ತಿರಲಿಲ್ಲ.

"ಕೆಂಪು ಮಂಡಿ ಇರೋದು ಒಂದು ಕೊಡಿ, ಬೇಗ."

"ಸಾರ್, ಇದು ಚುರುಕು. ಸ್ವಲ್ಪ ಸಿಡುಕು ಬೇರೆ," ಎಂದ ಅಂಗಡಿಯವ.

"ಕೊಡಿ ಅಂದ್ನಲ್ಲ."

ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಅದನ್ನು ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಇಳಿಸಿಕೊಂಡು, ಹೊಲಿಗೆ ಯಂತ್ರದ ಮುಂದೆ ಕಳ್ಳಬೆಕ್ಕಿನ ಹಾಗೆ ದಾಟಿದರು. ಮೊದಲು ಹೆಣ ಸಾಗಿಸಬೇಕಲ್ಲ, ಚೀಲವನ್ನು ಎಂದಿನ ಮೊಳೆಗೆ ನೇತುಹಾಕಿ ಕೋಣೆಗೆ ಹೋಗಿ, ಉಸಿರು ಬಿಗಿಹಿಡಿದು ಟವೆಲ್ ಎತ್ತಿದರು.

ಹಿರಿಯಳು ಎದ್ದು ಕೂತಿದ್ದಳು, ಮೊದಲಿಗಿಂತ ದಪ್ಪಗೆ, ಮಿರಮಿರ ಮಿಂಚುತ್ತ. ಪಕ್ಕದಲ್ಲಿ ಕಳಚಿಟ್ಟ ಪೊರೆ. ಸತ್ತಿರಲಿಲ್ಲ, ಪೊರೆ ಬಿಡಲು ಮಲಗಿದ್ದಳು, ಅಷ್ಟೆ. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಲೆಕ್ಕ ನೆನಪಾಯಿತು. ಇಲ್ಲಿ ಮೂರು. ಚೀಲದಲ್ಲೊಂದು.

ಅಷ್ಟರಲ್ಲಿ ಊಟದ ಡಬ್ಬಿ ತೊಳೆಯಲು ಚೀಲ ಬಿಚ್ಚಿದ್ದ ಹೆಂಡತಿಯ ದನಿ ಅಡುಗೆಮನೆಯಿಂದ ಬಂತು: "ರೀ, ಇವತ್ತೇನು ಎರಡು ಡಬ್ಬಿ?"

"ಮುಚ್ಚಳ ತೆಗೀಬೇಡ ಕಣೇ," ಎನ್ನುತ್ತ ಓಡಿದರು. ತೆಗೆದಾಗಿತ್ತು. ನಾಲ್ಕನೆಯದು ಅವಳ ಮುಂಗೈ ಹತ್ತಿ ಮೊಣಕೈಯತ್ತ ಹೊರಟಿತ್ತು. ಗುಮಾಸ್ತರು ಯಾವಾಗ ಸ್ಟೂಲು ಹತ್ತಿದರೋ ಅವರಿಗೇ ಗೊತ್ತಿಲ್ಲ.

"ಅಲುಗಾಡಬೇಡ. ಅದು ಸಿಡುಕಿನದು."

"ಕಚ್ಚುತ್ತಾ?"

"ಕಚ್ಚಬಹುದು."

"ಹಾಗಾದ್ರೆ ಬಂದು ಡಬ್ಬಿ ಹಿಡೀರಿ."

"ಕಾಲೇ ಬರ್ತಿಲ್ಲ ಕಣೇ."

ಜೇಡ ಮುಂದಿನೆರಡು ಕಾಲೆತ್ತಿ ನಿಂತಿತು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಅವಳು ಒಂದು ಕೈಯಲ್ಲಿ ಡಬ್ಬಿಯನ್ನು ಅದರ ಮುಂದೊಡ್ಡಿದ್ದಳು. ಬಗ್ಗಿದ್ದರಿಂದ ಕೊರಳಲ್ಲಿದ್ದ ಅಳತೆ ಟೇಪು ಜೇಡವಿದ್ದ ಕೈಯ ಮೇಲೆ ಜೋತುಬಿದ್ದಿತ್ತು. ಅದರ ತುದಿ ಹಿಂದಿನಿಂದ ತಾಗಿದೊಡನೆ ಜೇಡ ತಾನಾಗಿಯೇ ಒಳಗೆ ನಡೆಯಿತು. ಮುಚ್ಚಳ ಬಿತ್ತು.

"ಎಲ್ಲಾನೂ ವಾಪಸ್ ಕಳಿಸ್ತೀಯಾ?" ಗುಮಾಸ್ತರ ದನಿ ಅಳುವಂತಿತ್ತು. "ಎಷ್ಟು ಆಸೆಪಟ್ಟು ತಂದಿದ್ದೆ."

"ಕಳಿಸೋದ್ಯಾಕೆ? ಮೂರು ಸಾಕು ಅಂದಿದ್ದು ನಿಮಗೆ ಹೆದರಿಕೆ ಅಂತ. ನೀವು ಹೋದ್ಮೇಲೆ ದಿನಾ ಅವಕ್ಕೆ ನೀರು ಬದಲಾಯಿಸೋರು ಯಾರು ಅಂದ್ಕೊಂಡಿದ್ರಿ? ಬೆಳಗ್ಗೆ ಅದು ಪೊರೆ ಬಿಡ್ತಿದ್ರೆ ನೀವು ಟವೆಲ್ ಹೊದಿಸಿ ಓಡಿದ್ರಿ. ನಾನೇ ಇಣುಕಿ ನೋಡಿ ಮತ್ತೆ ಹೊದಿಸಿದೆ."



ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಂಡು ನೋಡಿದಳು. "ಇದು ಇರ್ಲಿ, ನನ್ನದು. ನಿಧಾನದ್ದು ಮನೇಲಿ ಆಗ್ಲೇ ನಾಲ್ಕಿದೆ, ಚುರುಕಾಗಿರೋದು ಒಂದಾದ್ರೂ ಬೇಡ್ವೆ?"

ಗುಮಾಸ್ತರು ಸ್ಟೂಲಿನ ಮೇಲೆ ನಿಂತೇ ಎಣಿಸಿದರು. ಮೂರೇ ಬಂತು. ಇನ್ನೊಂದು ಯಾವುದೆಂದು ಕೇಳುವ ಧೈರ್ಯವಾಗಲಿಲ್ಲ.