ಅಳಿಯನನ್ನು ಮೈದಾನದಿಂದ ಹೊರಹಾಕಿದ ಮಾವನ ಬಿನ್ನಹ

ಔರಾದ, ಫಸಲಿ ೧೩೩೧ (ಇಂಗ್ಲಿಷ್ ಇಸವಿ ೧೯೨೧-೨೨)

ಇಂದ:
ಮನ್ಮಥಪ್ಪ, ಶಾಲಾ ಮಾಸ್ತರ, ಔರಾದ
(ಸದ್ಯದ ವಾಸ: ಸ್ವಂತ ಮನೆಯ ಹೊರಗಿನ ಕಟ್ಟೆ)

ಗೆ:
ಸದರ್ (ಅಧ್ಯಕ್ಷ) ಸಾಹೇಬರು, ಸರಹದ್ದು ಕಪ್ ಫುಟ್‌ಬಾಲ್ ಕಮಿಟಿ, ಬೀದರ

ವಿಷಯ: ನನ್ನನ್ನು ರೆಫರಿ ಕೆಲಸದಿಂದ ಕಾಯಂ ಆಗಿ ಹೊರಹಾಕುವ ಕುರಿತು.

ಉಲ್ಲೇಖ: ೧. ‘ಮೈದಾನದಲ್ಲಿ ರೆಫರಿಗೆ ನೆಂಟರಿಲ್ಲ’ ಎಂಬ ತಮ್ಮ ಹುಕುಂ.
೨. ಸೋಲಾಪುರದಿಂದ ನನ್ನ ಬೀಗತಿ ಬರೆಸಿದ ಕಾಗದ.

ಮಾನ್ಯರೇ,

ಈ ಅರ್ಜಿಯನ್ನು ಉರ್ದುವಿನಲ್ಲಿ ಬರೆಯಬೇಕಿತ್ತು. ಆದರೆ ಅಳುವುದು ನನಗೆ ಕನ್ನಡದಲ್ಲಿ ಮಾತ್ರ ಬರುವ ಕಾರಣ ಮಾಫಿ ಇರಲಿ.

೧. ನಿಜಾಮ ಸರ್ಕಾರದ ಚಾಂಪಿಯನ್ ಬೀದರಿನ ಬುರುಜು ಕ್ಲಬ್ಬಿಗೂ ಇಂಗ್ಲಿಷ್ ಸರ್ಕಾರದ ಕಡೆಯ ಚಾಂಪಿಯನ್ ಸೋಲಾಪುರದ ಸಿಡಿಲು ಕ್ಲಬ್ಬಿಗೂ ನಡೆದ ಮೊದಲ ಪಂದ್ಯವನ್ನು ಸೋಲಾಪುರದಲ್ಲಿ ಅವರು ಗೆದ್ದರು. ಎರಡನೆಯದನ್ನು ಭಾಲ್ಕಿಯಲ್ಲಿ ನಮ್ಮವರು ಗೆದ್ದರು. ಎರಡೂ ಕಡೆ ಸೋತವರು ಕಲ್ಲು ತೂರಿದರು. ಗೆದ್ದವರೂ ತೂರಿದರು.

೨. ಆದ್ದರಿಂದ ಮೂರನೆಯದನ್ನು ಔರಾದದಲ್ಲಿ ಇಟ್ಟಿರಿ. ಫುಟ್‌ಬಾಲನ್ನೇ ನೋಡದ ಊರಿನಲ್ಲಿ ಪಕ್ಷಪಾತ ಇರಲಾರದೆಂಬುದು ತಮ್ಮ ಕಾರಣ.

೩. ನಾನು ನಿಜಾಮರ ಪ್ರಜೆಯಾದ ಕಾರಣ ಬೀದರಿನವರೂ, ಸೋಲಾಪುರದ ಕ್ಯಾಪ್ಟನ್ ರೇವಣಸಿದ್ಧ ನನ್ನ ಅಳಿಯನಾದ ಕಾರಣ ಆ ಕಡೆಯವರೂ ನನ್ನನ್ನೇ ರೆಫರಿಯೆಂದು ಒಪ್ಪಿದರು. ಜೀವನದಲ್ಲಿ ಎಲ್ಲರೂ ನನ್ನನ್ನು ಒಪ್ಪಿದ್ದು ಅದೊಂದೇ ಸಲ. ಸೀಟಿ ಕೈಗೆ ಬಂದ ದಿನ ಖುಷಿಗೆ ಊಟವೇ ಸೇರಲಿಲ್ಲ.

೪. ಬೀದರಿನ ಗೋಲು ಕಾಯುವ ಮಕ್ಸೂದ ಚೆಂಡು ಅಪ್ಪಿಕೊಂಡು ಮಲಗಿದ್ದಾಗ ಅಳಿಯಂದಿರು ಅವನ ಕಪಾಳಕ್ಕೆ ಹೊಡೆದರು. ಮಕ್ಸೂದ ಅವರ ಕಿವಿ ಕಚ್ಚಿದ. ಸೀಟಿ ಊದಿ ಇಬ್ಬರಿಗೂ ಮೈದಾನದ ಹೊರಗೆ ಹೋಗಲು ಹೇಳಿದೆ. ಮಕ್ಸೂದ, “ಹೋಗ್ತೇನ್ರಿ ಮಾಸ್ತರ” ಎಂದು ಹೋದ. ಅಳಿಯಂದಿರು ನಿಂತೇ ಇದ್ದರು.

“ಮಾವಾ, ಅಳಿಯಗ ಹೊರಗ ನಡಿ ಅಂತೀರೇನ್ರಿ?”

“ಇಲ್ಲಿ ನಾ ಮಾವ ಅಲ್ರಿ, ರೆಫರಿ ಇದ್ದೇನಿ.”

“ಹಂಗಾದ್ರ ನಮ್ಮ ಮನ್ಯಾಗಿರಾಕಿ ಯಾರ ಮಗಳ್ರಿ?”

ಇದಕ್ಕೆ ನಿಯಮಗಳ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ಅಷ್ಟರಲ್ಲಿ ಎರಡೂ ಸರ್ಕಾರದ ಪ್ರಜೆಗಳು ನನ್ನ ಮೇಲೆ ಬಿದ್ದರು. ಪಂದ್ಯ ಅಲ್ಲಿಗೇ ನಿಂತಿತು.

೫. ಮಗಳು ಕಸ್ತೂರಿಬಾಯಿಗೆ ಏಳು ತಿಂಗಳು. ಸೀಮಂತದ ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ಕರೆತರಬೇಕು. ಬೀಗತಿ ಬರೆಸಿದ್ದು ಹೀಗಿದೆ: “ನನ್ನ ಮಗನ್ನ ಹೊರಗ ಹಾಕಿದವರನ್ನ ಯಾರರ ಹೊರಗ ಹಾಕ್ಲಿ. ಮುದ್ರಿ ಇದ್ದ ಕಾಗದ ಬರಲಿ. ಆಗ ಸೊಸಿನ್ನ ಕಳಸ್ತೇವ್ರಿ.”

೬. ನನ್ನ ಹೆಂಡತಿ ಈರಮ್ಮ ಕಾಗದಕ್ಕೂ ಕಾಯಲಿಲ್ಲ. “ಅಳಿಯನ್ನ ಹೊರಗ ಹಾಕಿದವ್ರು ಹೊರಗೇ ಉಣ್ರಿ” ಎಂದು ರೊಟ್ಟಿಯನ್ನು ಕಟ್ಟೆಯ ಮೇಲೆ ಇಡುತ್ತಿದ್ದಾಳೆ.

೭. ಮಾಡಿದ್ದು ತಪ್ಪೆಂದು ಬರೆದುಕೊಟ್ಟರೆ ಎಲ್ಲ ಮುಗಿಯುತ್ತದೆಂದು ಊರವರು ಹೇಳುತ್ತಾರೆ. ಬರೆಯಲಾರೆ. ಕಪಾಳಕ್ಕೆ ಹೊಡೆದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೀಗತಿಯ ಕಾಗದದ ತುದಿಗೆ ಮಗಳೂ ಕದ್ದು ಬರೆದಿದ್ದಾಳೆ: “ಅಪ್ಪಾ, ನೀವು ಮಾಡಿದ್ದು ಖರೇ ಐತ್ರಿ. ಆದ್ರ ನನ್ನ ಕರಕೊಂಡು ಹೋಗ್ರಿ, ಅಂಜಿಕಿ ಬರ್ತದ.”

ಆದ್ದರಿಂದ ನನ್ನ ತೀರ್ಪನ್ನು ಹಾಗೆಯೇ ಉಳಿಸಿ, ನನ್ನನ್ನು ಮಾತ್ರ ಹೊರಹಾಕಬೇಕು. ಇನ್ನೆಂದೂ ಸೀಟಿ ಊದುವುದಿಲ್ಲ. ಯಾರಾದರೊಬ್ಬರು ಹೊರಗಿರಲೇಬೇಕೆಂದಾದರೆ ನಾನಿರುತ್ತೇನೆ. ಮಗಳು ಒಳಗೆ ಬರಲಿ.

ತಮ್ಮ ಆಜ್ಞೆಗಾಗಿ ಕಟ್ಟೆಯ ಮೇಲೆ ಕಾದಿರುವ ವಿಶ್ವಾಸಿ,
ಮನ್ಮಥಪ್ಪ

ಲಗತ್ತುಗಳು:
೧. ಬೀಗತಿಯ ಕಾಗದದ ನಕಲು (ಮಗಳು ಬರೆದ ಸಾಲಿರುವ ಅಸಲು ನನ್ನ ಹತ್ತಿರವೇ ಇರಲಿ).
೨. ಹಲ್ಲು ಒಂದು, ಮೇಲಿನದು, ನನ್ನದು. ಯಾವ ಸರ್ಕಾರದ ಪ್ರಜೆ ಉದುರಿಸಿದನೆಂದು ತಿಳಿದಿಲ್ಲ.
೩. ಸೀಟಿ.

ವಿ.ಸೂ.: ಹುಕುಂ ಮೇಲೆ ಮುದ್ರೆ ದೊಡ್ಡದಿರಲಿ. ಬೀಗತಿಗೆ ಓದಲು ಬರುವುದಿಲ್ಲ.